ಗುಡ್ಡದ ಮೇಲಿನ ಹತ್ತು ನಿಮಿಷದ ಕೆಲಸ

ಇದು ನನಗೆ ಗೊತ್ತಿರುವ ಒಬ್ಬರ ಕಥೆ. ದಯವಿಟ್ಟು ಅರ್ಧಕ್ಕೆ ಬಿಡಬೇಡಿ…

ಅವರ ಹೆಸರು ಚನ್ನವೀರಪ್ಪ. ಗದಗ ಕಡೆಯ ಒಂದು ಸಣ್ಣ ಊರು. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ರಿಟೈರ್ ಆದವರು.

ಅವರಿಗೆ ಒಂದೇ ಹುಚ್ಚು… ಹ್ಯಾಮ್ ರೇಡಿಯೋ. ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ದೂರದವರೊಂದಿಗೆ ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಸೆಟ್‌ನಲ್ಲಿ ಮಾತಾಡುವ ಹವ್ಯಾಸ.

ಆದರೆ ಅಕ್ಕಪಕ್ಕದ ಊರುಗಳ ನಡುವೆ ಗುಡ್ಡ. ಈ ಕಡೆಯ ಮಾತು ಆ ಕಡೆಗೆ ದಾಟುತ್ತಿರಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಏಳು ಜನ ಗೆಳೆಯರು ಸೇರಿ ಗುಡ್ಡದ ತುದಿಯಲ್ಲಿ ಒಂದು ರಿಪೀಟರ್ ಕೂಡಿಸಿದರು. ಕ್ಷೀಣವಾಗಿ ಬಂದ ದನಿಯನ್ನು ಹಿಡಿದು, ಬಲ ತುಂಬಿ, ದೂರಕ್ಕೆ ಕಳಿಸುವ ಯಂತ್ರ ಅದು. ಕಬ್ಬಿಣದ ಕಂಬ, ಆಂಟೆನಾ, ಸೋಲಾರ್ ಪ್ಲೇಟು, ಬ್ಯಾಟರಿ… ಎಲ್ಲವನ್ನೂ ಹೆಗಲ ಮೇಲೆ ಹೊತ್ತು ಹತ್ತಿದ್ದರು.

ಅಂದಿನಿಂದ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಎಲ್ಲರೂ ಸೆಟ್ ಹಿಡಿದು ಒಬ್ಬರನ್ನೊಬ್ಬರು ವಿಚಾರಿಸುವುದು ರೂಢಿಯಾಯಿತು.

ಆ ಏಳು ಜನರಲ್ಲಿ ಎಲ್ಲರಿಗಿಂತ ಮೊದಲು ಬರುವ ದನಿ ಗುಡ್ಡದ ಆ ಕಡೆಯ ಊರಿನ ಇಮಾಮಣ್ಣನದು. ಒಂದು ಕಾಲಕ್ಕೆ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವರು. ರಿಪೀಟರ್ ಕೂಡಿಸಿದ ಮೇಲೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದವು.

"ಕಣ್ಣು ಹೋದ್ರ ಏನಾತು? ಮುಂಜಾನೆ ಏಳಕ್ಕ ನಿಮ್ಮೆಲ್ಲಾರ ಮಾರಿ ನನಗ ಕಾಣ್ತೈತಿ" ಎಂದು ನಗುತ್ತಿದ್ದರು.

ವರ್ಷಗಳು ಕಳೆದವು. ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂತು. ರಿಪೀಟರ್ ಕೆಟ್ಟರೆ ಗುಡ್ಡ ಹತ್ತುವವರು ಚನ್ನವೀರಪ್ಪ ಒಬ್ಬರೇ ಆದರು.

ಕಳೆದ ವರ್ಷ ಒಂದು ದಿನ ರಿಪೀಟರ್ ಮತ್ತೆ ನಿಂತುಹೋಯಿತು.

ವಾಟ್ಸಾಪ್ ಗ್ರೂಪಿನಲ್ಲಿ ಚನ್ನವೀರಪ್ಪ ಬರೆದರು: "ಈ ಸಲ ಬ್ಯಾರೆ ಯಾರರ ಹೋಗ್ರಿ. ನನಗ ಮೊಣಕಾಲ ನೋವು."

ಒಬ್ಬರು ಹೆಬ್ಬೆರಳಿನ ಚಿತ್ರ ಒತ್ತಿದರು. ಇನ್ನೊಬ್ಬರು "ನೋಡೋಣು" ಅಂದರು… ಅಷ್ಟೇ.

ನಿಜ ಹೇಳಬೇಕೆಂದರೆ, ಮೊಣಕಾಲು ಅಷ್ಟೇನೂ ನೋಯುತ್ತಿರಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು.

'ಇಷ್ಟು ವರ್ಷ ನಾನೇ ಹತ್ತೀನಿ. ಇವರಿಗೂ ಗೊತ್ತಾಗ್ಲಿ' ಎಂದು ಹಟ ಹಿಡಿದು ಸುಮ್ಮನಾದರು.

ಒಂದು ವಾರ… ಎರಡು ವಾರ… ಯಾರೂ ಹತ್ತಲಿಲ್ಲ.

ನಡುವೆ ಇಮಾಮಣ್ಣನ ಮನೆಯಿಂದ ಎರಡು ಸಲ ಫೋನ್ ಬಂತು. ಒಂದು ಮೊದಲ ವಾರ, ಇನ್ನೊಂದು ಅದಾದ ಕೆಲವು ದಿನಕ್ಕೆ. 'ಗುಡ್ಡ ಹತ್ತು ಅಂತ ಹೇಳಾಕ ಇರಬೇಕು' ಎಂದುಕೊಂಡು ಎರಡೂ ಸಲ ಎತ್ತಲಿಲ್ಲ.

ಇಪ್ಪತ್ಮೂರನೇ ದಿನ ಗ್ರೂಪಿನಲ್ಲಿ ಒಬ್ಬರು ಬರೆದರು: "ಯಾರೂ ಬಳಸೂದಿಲ್ಲಂದ್ರ ಅದನ್ನ ಬಿಚ್ಚಿ ತಂದುಬಿಡೋಣ್ರಿ."

ಮರುದಿನ ಬೆಳಿಗ್ಗೆ ಚನ್ನವೀರಪ್ಪ ಸ್ಪ್ಯಾನರ್ ಹಿಡಿದು ಹತ್ತಿದರು. ರಿಪೇರಿಗಲ್ಲ… ಬಿಚ್ಚಿ ತರಲು.

ಪೆಟ್ಟಿಗೆ ತೆಗೆದು ನೋಡಿದರೆ, ಬ್ಯಾಟರಿಯ ತುದಿಗೆ ಬಿಳಿ ಪುಡಿ ಕಟ್ಟಿ ವೈರು ಸಡಿಲಾಗಿತ್ತು. ಬೇರೇನೂ ಇಲ್ಲ.

ಕೈ ಸುಮ್ಮನಿರಲಿಲ್ಲ. ಉಜ್ಜಿದರು, ಬಿಗಿದರು. ಹತ್ತು ನಿಮಿಷ. ಹಸಿರು ದೀಪ ಹತ್ತಿತು.

ಆಗಿನ್ನೂ ಏಳು ಗಂಟೆ. ಸೆಟ್ ತೆಗೆದು ಕರೆದರು… "ಇಮಾಮಣ್ಣಾ, ಕೇಳಸ್ತೈತೇನು?"

ಉತ್ತರವಿಲ್ಲ.

ಮತ್ತೊಬ್ಬ ಗೆಳೆಯ ಮಾತ್ರ ಆಕಳಿಸುತ್ತ, "ಓ, ಚಾಲೂ ಆತೇನ್ರಿ?" ಅಂದ.

ಅರ್ಧ ಗಂಟೆ ಕರೆದರು. ಆ ದನಿ ಬರಲೇ ಇಲ್ಲ. ಗುಡ್ಡ ಇಳಿದು ನೇರವಾಗಿ ಇಮಾಮಣ್ಣನ ಮನೆಗೆ ಹೋದರು.

ಬಾಗಿಲಿನ ಪರದೆಯ ಹಿಂದಿನಿಂದ ಇಮಾಮಣ್ಣನ ಹೆಂಡತಿ ಬೀಬಿಜಾನ್ ಮಾತಾಡಿದರು.

"ಬರ್ರಿ ಅಣ್ಣಾರ… ಅವರು ಹೋಗಿ ಹನ್ನೊಂದು ದಿನ ಆತು."

ಚನ್ನವೀರಪ್ಪ ಕಟ್ಟೆಯ ಮೇಲೆ ಕೂತರು.

"ಎದಿನೋವು ಅಂದ್ರು. ದವಾಖಾನಿ ಮುಟ್ಟೂದ್ರಾಗ ಮುಗೀತು. ಅವತ್ತ ಬಾಜೂ ಮನಿಯವರ ಕಡೆಯಿಂದ ನಿಮಗ ಫೋನ್ ಹಚ್ಚಿಸಿದ್ದೆ. ನೀವು ಎತ್ತಲಿಲ್ಲ."

"ಅದಕ್ಕೂ ಮೊದಲ ಒಂದು ಫೋನ್ ಬಂದಿತ್ತಲ್ಲ ಭಾಬಿ…"

"ಅದು ಅವರದ. ನಿಮ್ಮ ನಂಬರ್ ಒಂದ ಅವರಿಗೆ ಬಾಯಿಪಾಠ ಇತ್ತು. 'ನನ್ನ ಸೆಟ್ ಕೆಟ್ಟೈತಿ, ಮುಂಜಾನೆ ಬರಲಿಲ್ಲಂತ ಕಾಳಜಿ ಮಾಡಬ್ಯಾಡ್ರಿ' ಅಂತ ಎಲ್ಲಾರಿಗೂ ಹೇಳಾಕ ಮಾಡಿದ್ರು."

"ಅವರ ಸೆಟ್ಟಾ…?"

"ಹೂನ್ರಿ. ಮೊದಲ ಮೂರು ದಿನ ಸುಮ್ಮನ ಕುಂತ್ರು. ನಾಕನೇ ದಿನ ನನಗಂದ್ರು… 'ಚನ್ನವೀರಪ್ಪ ಇರೂತನಕ ಗುಡ್ಡದ ಮ್ಯಾಲಿನ ಮಷಿನ್ ಇಷ್ಟು ದಿನ ಬಂದ್ ಇರಂಗಿಲ್ಲ. ಕೆಟ್ಟಿದ್ದು ನನ್ನ ಸೆಟ್ಟೇ.'"

ಪರದೆಯ ಹಿಂದಿನಿಂದ ಆಕೆಯೇ ಮುಂದುವರಿಸಿದರು.

"ಕಣ್ಣಿಲ್ಲದ ಮನಷ್ಯಾ, ಸೆಟ್ ಬಿಚ್ಚಿ, ಬೆರಳಿಲೇ ಮುಟ್ಟಿ ಮುಟ್ಟಿ ನೋಡಿದ್ರು. ಬೆಸುಗಿ ಹಾಕೂ ಕಾದ ಕಡ್ಡಿ ತಾಗಿ ಎರಡು ಬೆರಳು ಸುಟ್ಟುಕೊಂಡ್ರು. ಜೋಡಿಸೂದು… ಮತ್ತ ಬಿಚ್ಚೂದು. 'ಅಲ್ಲಿ ಎಲ್ಲಾರೂ ಕೂಡಿ ಮಾತಾಡಾಕತ್ತಾರ. ನನಗಷ್ಟ ಕೇಳವಲ್ದು' ಅಂತಿದ್ರು."

ಆಗ ಚನ್ನವೀರಪ್ಪನವರಿಗೆ ಹೊಳೆಯಿತು. ರಿಪೀಟರ್ ನಿಂತ ಸುದ್ದಿ ಹಾಕಿದ್ದು ವಾಟ್ಸಾಪ್ ಗ್ರೂಪಿಗೆ… ಇಮಾಮಣ್ಣನ ಮನೆಯಲ್ಲಿದ್ದದ್ದು ಬಟನ್ ಫೋನ್. ಓದಲು ಅವರಿಗೆ ಕಣ್ಣೂ ಇರಲಿಲ್ಲ.

ಉಳಿದ ಆರು ಜನರಲ್ಲಿ ಒಬ್ಬರಿಗೂ ಅದು ನೆನಪಾಗಿರಲಿಲ್ಲ.

"ಅವರ ಸೆಟ್ ಕೆಟ್ಟಿರಲಿಲ್ಲ ಭಾಬಿ… ಗುಡ್ಡದ ಮ್ಯಾಲಿನ ಮಷಿನ್ ಕೆಟ್ಟಿತ್ತು. ನಾನ… ಬೇಕಂತನ… ಹತ್ತಲಿಲ್ಲ."



ಆಕೆ ಇಷ್ಟೇ ಅಂದರು… "ಒಂದ ಮಾತು ಹೇಳಬೇಕಾಗಿತ್ತು ಅಣ್ಣಾರ. ಕೆಟ್ಟಿದ್ದು ತನ್ನ ಸೆಟ್ಟಲ್ಲಂತ ತಿಳಕೊಂಡಾದ್ರೂ ಹೋಗ್ತಿದ್ರು."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಚನ್ನವೀರಪ್ಪ.

ರಿಪೀಟರನ್ನು ಅವರು ಬಿಚ್ಚಲಿಲ್ಲ. ಈಗ ಪ್ರತಿ ತಿಂಗಳೂ ಹತ್ತುತ್ತಾರೆ, ಒಬ್ಬರೇ. ಬೇರೆ ಯಾರೂ ಬದಲಾಗಿಲ್ಲ. ಏಳು ಗಂಟೆಗೆ ಕರೆದರೆ ಹೆಚ್ಚಿನ ದಿನ ಒಂದು ದನಿಯೂ ಬರುವುದಿಲ್ಲ.

ಆದರೂ ಕರೆಯುತ್ತಾರೆ…

*ನಾವು ಹಟ ಮಾಡುವುದು ಒಬ್ಬರ ಮೇಲೆ… ಅದರ ನೋವು ತಿನ್ನುವವರು ನಮ್ಮನ್ನೇ ನಂಬಿ ಕೂತ ಇನ್ನೊಬ್ಬರು.*

ಯಾರಿಗೋ ಬುದ್ಧಿ ಕಲಿಸಬೇಕೆಂದು ನೀವು ಇವತ್ತು ಯಾವ ಕೆಲಸವನ್ನು ಬೇಕೆಂದೇ ಮಾಡದೆ ಬಿಟ್ಟಿದ್ದೀರಿ?