ಚಿಪ್ಪಮ್ಮನ ಸಲಿಗೆ

"ಈಗ ನೋಡಿ" ಎಂದು ಕನ್ನಡಕದಂಗಡಿಯವನು ತನ್ನ ಮನೆಯ ಗಾಜಿನ ತೊಟ್ಟಿಯ ಮೇಲೆ ಬಗ್ಗಿದ್ದೇ ತಡ, ಹವಳದ ಕಲ್ಲಿನ ಮೇಲೆ ನೀಲಿ ರೇಷ್ಮೆಯ ಹಾಗೆ ಅರಳಿ ಕೂತಿದ್ದ ಕಪ್ಪೆಚಿಪ್ಪು ಪಟಕ್ಕನೆ ಬಾಯಿ ಮುಚ್ಚಿತು. "ದಿನಾ ಇದೇ ಗೋಳು! ಸಾಕಿದವನನ್ನು ಕಂಡರೇ ಆಗಲ್ಲ ಇದಕ್ಕೆ."

ಅದನ್ನು ಅವನಿಗೆ ಮಾರಿದ ಬಣ್ಣದ ಮೀನಿನವನು, ಕಾಯಿಲೆಗೀಯಿಲೆ ಇದೆಯೇನೋ ಎಂದು ನೋಡಲು ಬಂದಿದ್ದ. ಇಬ್ಬರೂ ಹಿಂದೆ ಸರಿದು ಕಾದರು. ಚಿಪ್ಪು ಮತ್ತೆ ಮೆಲ್ಲಗೆ ಅರಳಿತು. ಅಷ್ಟರಲ್ಲಿ ಕನ್ನಡಕದವನ ಹೆಂಡತಿ ಟೀ ತಂದಳು. ಆ ಕಡೆ ನಿಂತಿದ್ದ ಮೀನಿನವನಿಗೆ ಕಪ್ಪು ಕೊಡಲು, ತೊಟ್ಟಿಯ ದೀಪದ ಕೆಳಗೇ ಕೈ ಚಾಚಿದಳು. ಕೈಯ ನೆರಳು ಚಿಪ್ಪಿನ ಮೇಲೆ ಪೂರ್ತಿ ಬಿತ್ತು. ಅದು ಮಿಸುಕಲಿಲ್ಲ.

ಮೀನಿನವನು ನಕ್ಕ. "ಕಾಯಿಲೆ ಏನೂ ಇಲ್ಲ ಸಾರ್. ಅಕ್ಕಾವ್ರ ನೆರಳಿಗೆ ಇದು ಪಳಗಿಬಿಟ್ಟಿದೆ. ದಿನಾ ಬಂದು ಸುಮ್ನೆ ಹೋಗೋ ನೆರಳಿಗೆ ಇದು ಹೆದರಲ್ಲ. ನೀವು ಬಂದಾಗಲೆಲ್ಲ ಕೈ ಹಾಕಿ ಅದನ್ನ ಸರಿ ಮಾಡ್ತೀರಿ. ನಿಮ್ಮ ನೆರಳು ಬಿದ್ದರೆ ಹಿಂದೇನೇ ಕೈ ಬರುತ್ತೆ ಅಂತ ಅದಕ್ಕೆ ಗೊತ್ತು."

ದಿನಾ? ಕನ್ನಡಕದವನು ಹೆಂಡತಿಯ ಕಡೆ ತಿರುಗಿ ನೋಡಿದ. ಈ ಉಪ್ಪುನೀರಿನ ತೊಟ್ಟಿ ಮನೆಗೆ ಬಂದಾಗ, "ಸವತಿಗೆ ಹಾಸಿಗೆ ಹಾಸೋದೊಂದು ಬಾಕಿ" ಎಂದವಳು ಇವಳು. ಚಿಪ್ಪಮ್ಮ ಅಂತ ಹೆಸರಿಟ್ಟವಳೂ ಇವಳೇ. ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವುದು ಅವಳ ಕೆಲಸ. ಮುಂಚೆಲ್ಲ ಸಂಜೆ ಅವನು ಬಂದರೆ ಸಾಕು, ಅಲ್ಲಿ ನಡೆದದ್ದನ್ನೆಲ್ಲ ಹೇಳುತ್ತಾ ಹಿಂದೆ ಹಿಂದೆಯೇ ಓಡಾಡುತ್ತಿದ್ದಳು. ಅವನೋ ಗಾಜಿಗೆ ಮೂಗು ಒತ್ತಿ ನಿಂತವನು. ಒಂದು ಸಂಜೆ ರೇಗಿ, "ಬಾಯಿ ಮುಚ್ಚೇ ಸ್ವಲ್ಪ, ಅದು ಬಾಯಿ ಬಿಡೋ ಹೊತ್ತು!" ಎಂದುಬಿಟ್ಟಿದ್ದ. "ನಿಮ್ಮ ಚಿಪ್ಪಮ್ಮನ ಹತ್ತಿರ ಇನ್ನು ಸುಳಿದರೆ ಕೇಳಿ" ಎಂದು ಒಳಗೆ ಹೋದವಳು, ಆಮೇಲೆ ಸುಳಿದಿರಲಿಲ್ಲ. ಅವನೆದುರಿಗಂತೂ ಇಲ್ಲ.

ಮೀನಿನವನು ಹೋದ ಮೇಲೆ ಕೇಳಿದ, "ದಿನಾ ಹೋಗ್ತೀಯಾ ಅದರ ಹತ್ತಿರ?"

"ನೀರು ಆರಿದ್ರೆ ಉಪ್ಪು ಏರುತ್ತೆ ಅಂತ ನೀವೇ ಅಲ್ವಾ ಹೇಳಿದ್ದು? ಮಧ್ಯಾಹ್ನ ಬಂದವಳು ಒಂದು ಲೋಟ ಸಿಹಿನೀರು ಹಾಕ್ತೀನಿ."

"ಅಷ್ಟೇನಾ?"

"ಇನ್ನೇನು, ಜಡೆ ಹಾಕಲಾ ಅದಕ್ಕೆ?"

ಆ ಸಂಜೆಯೆಲ್ಲ ಅವನು ತೊಟ್ಟಿಯ ಮುಂದೆ ಶತಪಥ ಹಾಕಿದ. ಹುಡುಕಿ ತಂದವನು ನಾನು, ದೀಪ ಕಟ್ಟಿದವನು ನಾನು, ಉಪ್ಪು ಅಳೆದವನು ನಾನು. ಸಲಿಗೆ ಮಾತ್ರ ಅವಳಿಗೆ! ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡ ಹಾಗಾಯ್ತಲ್ಲ!

ಮಾರನೆಯ ಮಧ್ಯಾಹ್ನ, ಬಂದ ಗಿರಾಕಿಗೆ "ಸಂಜೆ ಬನ್ನಿ" ಎಂದು ಹೇಳಿ, ಅಂಗಡಿಗೆ ಬೀಗ ಜಡಿದು ಮನೆಗೆ ಬಂದ. ಚಪ್ಪಲಿ ಕೈಯಲ್ಲಿ ಹಿಡಿದು, ಸ್ವಂತ ಮನೆಯಲ್ಲೇ ಕಳ್ಳನ ಹಾಗೆ ಬಾಗಿಲ ಮರೆಯಲ್ಲಿ ನಿಂತ. ಹೆಂಡತಿ ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದಳು. ಕೈಯಲ್ಲಿ ಅರ್ಧ ಸುರಿದ ಲೋಟ. ಚಿಪ್ಪು ಎಂದೂ ಅವನಿಗೆ ತೋರಿಸದಷ್ಟು ಅಗಲಕ್ಕೆ ಅರಳಿತ್ತು.

"ಹೆಸರು ಯಾರದ್ದು ಬರೀಲಿ ತಾತ ಅಂದೆ. 'ನನ್ನದೇ ಬರಿಯಮ್ಮ, ಇವತ್ತು ನಾನು ಹುಟ್ಟಿದ ದಿನ' ಅಂದ್ರು. ಬರೆದೆ. ಡಬ್ಬಿಗೆ ಹಾಕೋಕೆ ಹೋದ್ರೆ, 'ಬೇಡ, ಇಲ್ಲೇ ಕೊಯ್ತೀನಿ, ನೀನೇ ಚಪ್ಪಾಳೆ ತಟ್ಟು' ಅಂತಾರೆ! ನನ್ನ ಎರಡೂ ಕೈಗೆ ಕ್ರೀಮು. ಆಗಿದ್ದಾಗಲಿ ಅಂತ ತಟ್ಟಿದೆ ನೋಡು, ನಮ್ಮ ಓನರ್ ಮೂತಿಗೆಲ್ಲ ಹಾರಿತು!"

ಹೇಳಿ ಅವಳು ನಕ್ಕಳು. ಅಯ್ಯೋ, ಆ ನಗು! ಮದುವೆಯಾದ ಹೊಸದರಲ್ಲಿ ಪಕ್ಕದ ಮನೆಯವರು ಗೋಡೆ ತಟ್ಟುವಂತೆ ಮಾಡುತ್ತಿದ್ದ ನಗು. ಎಲ್ಲೋ ಕಳೆದೇಹೋಯಿತು ಎಂದುಕೊಂಡಿದ್ದ. ಎಲ್ಲೂ ಹೋಗಿರಲಿಲ್ಲ. ದಿನಾ ಮಧ್ಯಾಹ್ನ ಇಲ್ಲೇ, ಈ ಚಿಪ್ಪಿಗೆ ಸಿಗುತ್ತಿತ್ತು. ಕೈಯಿಲ್ಲದ, ಕಿವಿಯಿಲ್ಲದ ಒಂದು ಜಂತುವನ್ನು ನೋಡಿ ಹೊಟ್ಟೆ ಉರಿದುಕೊಳ್ಳುವ ಗಂಡಸು ಲೋಕದಲ್ಲಿ ಇರುತ್ತಾನೆಯೇ ಎಂದು ಕೇಳಬೇಡಿ. ಇದ್ದ. ಅವನ ಕಣ್ಣಲ್ಲಿ ನೀರೂ ಬಂದಿತ್ತು.

"ಆಮೇಲೆ ಕೇಳು, ಆ ತಾತ ಹೋಗ್ತಾ ಹೋಗ್ತಾ ನನಗೆ ಏನಂದ್ರು ಗೊತ್ತಾ..."

ಅವನಿಗೆ ತಡೆಯಲಾಗಲಿಲ್ಲ. ಚಪ್ಪಲಿ ಅಲ್ಲೇ ಬಿಸಾಕಿ ಒಳಗೆ ನುಗ್ಗಿದ. ಆತುರದಲ್ಲಿ ತೊಟ್ಟಿಯ ಮೇಲೇ ಬಗ್ಗಿ, "ಏನಂದ್ರು?" ಎಂದ.

ಅವನ ನೆರಳು ಬಿತ್ತು. ಎರಡೂ ಬಾಯಿ ಒಟ್ಟಿಗೇ ಮುಚ್ಚಿಕೊಂಡವು.

ಅವಳು ಎದ್ದಳು. ಲೋಟದಲ್ಲಿ ಉಳಿದಿದ್ದ ನೀರನ್ನು ಸದ್ದಿಲ್ಲದೆ ತೊಟ್ಟಿಗೆ ಸುರಿದಳು. ಗಾಜಿನ ಮೇಲಿನ ಹನಿ ಒರೆಸಿದಳು.

"ಹೇಳೇ, ಆ ತಾತ ಏನಂದ್ರು? ನಾನೂ ಕೇಳ್ತೀನಿ."

ಅವಳು ತುಟಿಯ ಮೇಲೆ ಬೆರಳಿಟ್ಟಳು. ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಶ್... ಅದು ಬಾಯಿ ಬಿಡೋ ಹೊತ್ತು."