ಹಳದಿ ಸ್ಪಂಜಿನ ಚೆಂಡು

ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟು, ದುಡಿದು ಕಟ್ಟಿದ ಮನೆ ನನ್ನದು. ಮಗಳು ಕೇಳಿದ್ದೆಲ್ಲ ತಂದುಕೊಡುತ್ತೇನೆ, ಆದರೆ ಸ್ಪಂಜಿನ ಚೆಂಡು ಮಾತ್ರ ಹೊಸಿಲು ದಾಟಬಾರದು, ಅದರ ವಾಸನೆಗೇ ನನ್ನ ಮೈ ಉರಿಯುತ್ತದೆ.

ನನ್ನ ಚಿಕ್ಕಂದಿನಲ್ಲಿ ನಾವು ಕುನ್ನತ್ತೂರಿನಲ್ಲಿದ್ದೆವು. ಅನ್ನ ಬಸಿಯುವಾಗ ಕುದಿಯುವ ಗಂಜಿ ಚೆಲ್ಲಿ ಅವ್ವನ ಬಲಗೈ ಬೆಂದಿತ್ತು. ಗಾಯ ಮಾಯಿತು, ಆದರೆ ಚರ್ಮ ಬಿಗಿದು ಬೆರಳುಗಳು ಒಳಕ್ಕೆ ಮಡಚಿಕೊಳ್ಳತೊಡಗಿದವು. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವ ಅಕ್ಕ ಒಂದು ಹಳದಿ ಚೆಂಡು ಕೊಟ್ಟು, ದಿನಾ ಅದನ್ನು ಹಿಸುಕಿ ಬೆರಳು ಪೂರಾ ಚಾಚಬೇಕು, ಬಿಟ್ಟರೆ ಕೈ ಹಾಗೇ ನಿಂತುಬಿಡುತ್ತದೆ ಎಂದಿದ್ದಳು.

ಆ ಮಧ್ಯಾಹ್ನ ಅವ್ವ ಜಗಲಿಯಲ್ಲಿ ಕೂತು, ಹಲ್ಲು ಕಚ್ಚಿ ಚೆಂಡು ಹಿಸುಕುತ್ತಿದ್ದಳು. ಎಣ್ಣೆ ಸವರಿದ ಚರ್ಮ ಮಿರಮಿರ ಹೊಳೆಯುತ್ತಿತ್ತು. ಅಪ್ಪನ ತಾಯಿ ಬಾಗಿಲಿಗೆ ಬಂದಳು.

"ಏನಮ್ಮ ಮಹಾರಾಣಿ, ಎರಡು ಮಕ್ಳ ತಾಯಿ ಚೆಂಡಾಟ ಆಡ್ತೀಯಾ? ಪಾತ್ರೆ ಯಾರ್ ತೊಳೀತಾರೆ, ನಿಮ್ಮಪ್ಪನಾ?"

"ಇನ್ನೊಂಚೂರು ಹೊತ್ತು ಅತ್ತೆ. ಆಸ್ಪತ್ರೇಲಿ ಹೇಳವ್ರೆ."

"ಪಾತ್ರೆ ತಿಕ್ಕಿದ್ರೆ ಅದೇ ಸರಿಯಾಗ್ತದೆ." ಅಜ್ಜಿ ಚೆಂಡು ಕಿತ್ತು ನನ್ನ ಕೈಗಿಟ್ಟಳು. "ತಗೋ ಕಂದ, ನೀನ್ ಆಡು."

ಒಳಗೆ ಊಟಕ್ಕೆ ಕೂತಿದ್ದ ಅಪ್ಪನಿಗೆ ಎಲ್ಲ ಕೇಳಿಸಿತ್ತು. "ಸಾರು ತಾ" ಎಂದ, ಅಷ್ಟೇ.

ನಾನು ಅಂಗಳಕ್ಕೆ ಓಡಿ ಚೆಂಡು ಪುಟಿಸಿದೆ. ಅವ್ವ ಹಿಂದೆಯೇ ಬಂದಳು. "ಕೊಡು ಮಗಾ, ಅದು ಆಡೋದಲ್ಲ" ಎಂದು ಬಲಗೈ ಮುಂದೆ ಮಾಡಿದಳು. ಬೆರಳು ಬಿಚ್ಚಲಿಲ್ಲ. ಮುಷ್ಟಿ ಕಟ್ಟಿ ಗುದ್ದಲು ಬಂದಳೆಂದುಕೊಂಡು ನಾನು ಚೆಂಡನ್ನು ಬಾವಿಗೆ ಎಸೆದು ಓಡಿದೆ.

ಜಗಲಿಯ ಮೇಲೆ ಅಜ್ಜಿ ಎರಡೂ ಕೈ ತಟ್ಟಿ ನಗುತ್ತಿದ್ದಳು.