ದೋಣಿಯ ಆಟ

ಮೊನ್ನೆ ಕೈಗಡಿಯಾರ ರಿಪೇರಿಗೆ ಕೊಟ್ಟಾಗ, ಅಂಗಡಿಯವನ ಅಂಗೈಯಲ್ಲಿದ್ದ ಗುಂಡಿಯಂಥ ಸೆಲ್ ಕಂಡು ಕೊಟ್ಟೂರಿನ ನಮ್ಮ ಮನೆಯ ಪಡಸಾಲೆ ನೆನಪಾಯಿತು.

ದುಬೈನಲ್ಲಿ ಡ್ರೈವರ್ ಆಗಿದ್ದ ಸೋದರಮಾವ ಅಂಗೈಯಗಲದ ಮೂರು ವಿಡಿಯೋ ಗೇಮ್ ತಂದಿದ್ದ. ಒಂದೇ ಮಧ್ಯಾಹ್ನ ಮೂರನ್ನೂ ಆಡಿ ನಾನು ತೀರ್ಪು ಕೊಟ್ಟೆ. ಕಾರಿನ ಆಟ ಸಪ್ಪೆ. ಎಷ್ಟು ಓಡಿಸಿದರೂ ಒಂದು ಊರೂ ಬರುವುದಿಲ್ಲ. ಕೋಳಿಮೊಟ್ಟೆಗಳನ್ನು ಬುಟ್ಟಿಯಲ್ಲಿ ಹಿಡಿಯುವ ಆಟ ಚೆನ್ನಾಗಿತ್ತು, ಆದರೆ ಕೊರಳಲ್ಲಿ ಲಿಂಗವಿದ್ದ ಅಜ್ಜಿ, "ತತ್ತಿ ಆಟ ಮನ್ಯಾಗ ಬ್ಯಾಡ, ಹೊರಗ ಆಡು" ಅಂದಳು. ಎಲ್ಲಕ್ಕಿಂತ ಒಳ್ಳೆಯದು ದೋಣಿಯ ಆಟ. ಆಕಾಶದಿಂದ ಪುಟ್ಟ ಪುಟ್ಟ ಮನುಷ್ಯರು ಬೀಳುತ್ತಾರೆ. ನೀರು ಮುಟ್ಟುವ ಮೊದಲೇ ಅವರನ್ನು ದೋಣಿಯಲ್ಲಿ ಹಿಡಿಯಬೇಕು.

ಶೇಂಗಾ ಸುಲಿಯುತ್ತಿದ್ದ ಅವ್ವ, "ತಾ ಇಲ್ಲಿ" ಎಂದು ಕೈಚಾಚಿದಳು. ಹಿಂದಿನ ಬೇಸಿಗೆಯಲ್ಲಿ ನನ್ನ ತಮ್ಮ ಹೊಲದ ಬಾವಿಗೆ ಬಿದ್ದು ತೀರಿಹೋದ ಮೇಲೆ ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ. ಕೆಂಪು ಮಣ್ಣು ಮೆತ್ತಿದ ಬೆರಳುಗಳಿಂದ ಗುಂಡಿ ಒತ್ತುತ್ತ ಒಬ್ಬೊಬ್ಬರನ್ನೇ ಹಿಡಿದಳು. ಬಹಳ ಹೊತ್ತು ಯಾರನ್ನೂ ಬಿಡಲಿಲ್ಲ. ಕೊನೆಗೆ ಒಬ್ಬ ನೀರಿಗೆ ಬಿದ್ದ. ಅವ್ವ ಆಟವನ್ನು ನೆಲಕ್ಕಿಟ್ಟಳು.

"ಆಡಬೇ, ಮೂರು ಮಂದಿ ಬೀಳೋತನ ಆಟ ಮುಗಿಯಂಗಿಲ್ಲ" ಎಂದೆ.

ಅವ್ವ ಮಾವನ ಕಡೆ ನೋಡಿದಳು. "ಒಬ್ಬ ಮುಳುಗಿದ ಮ್ಯಾಲೂ ನಡಿತೈತೇನು?"

ಮಾವ ಆಟದ ಹಿಂಬದಿ ತೆರೆದು, ಸೆಲ್ ತೆಗೆದು ಜೇಬಿಗೆ ಹಾಕಿಕೊಂಡ.